ವಿಟಮಿನ್ ಡೋಸ್‌ಗೆ ಮಿತಿ ಹಾಕೋರು ಯಾರು?

ಅಮೆರಿಕದಲ್ಲಿ ಮಾರುವ ವಿಟಮಿನ್ ಬಿ6 ಡಬ್ಬಿಯ ಲೇಬಲ್ ಓದಿ. ಮಾತ್ರೆಯಲ್ಲಿ 100 ಮಿಲಿಗ್ರಾಂ ಇದ್ದರೆ ಪಕ್ಕದಲ್ಲೇ ಶೇ. 5,882 ಅಂತ ಇರುತ್ತದೆ. ಅಚ್ಚಿನ ತಪ್ಪಲ್ಲ! ಅಲ್ಲಿನ ಲೆಕ್ಕಕ್ಕೆ ದಿನಕ್ಕೆ ಬೇಕಾಗುವುದು ಬರೀ 1.7 ಮಿಲಿಗ್ರಾಂ.

ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುತ್ತೆ ಬಿಡಿ ಅನ್ನುತ್ತಾರೆ. ಬಿ6 ನೀರಿನಲ್ಲಿ ಕರಗುತ್ತದೆ, ನಿಜ. ಆದರೆ ದಿನಕ್ಕೆ 2ರಿಂದ 6 ಗ್ರಾಂ ನುಂಗುತ್ತಿದ್ದ ಏಳು ಜನರ ಬಗ್ಗೆ 1983ರಲ್ಲಿ ವೈದ್ಯರು ವರದಿ ಮಾಡಿದರು. ಅವರ ಕೈಕಾಲು ಜೋಮು ಹಿಡಿದಿತ್ತು, ನಡೆದರೆ ತೂರಾಡುತ್ತಿದ್ದರು. ಸ್ಪರ್ಶ ತಿಳಿಸುವ ನರಗಳಿಗೇ ಪೆಟ್ಟು ಬಿದ್ದಿತ್ತು. ಆಮೇಲೆ ಇದಕ್ಕಿಂತ ಎಷ್ಟೋ ಕಡಿಮೆ ಡೋಸ್ ತೆಗೆದುಕೊಂಡವರಲ್ಲೂ ಇದೇ ತೊಂದರೆ ಕಂಡಿದೆ.

ಹಾಗಾದರೆ ಎಷ್ಟರವರೆಗೆ ಸುರಕ್ಷಿತ? ಅಮೆರಿಕದ ತಜ್ಞರು 1998ರಲ್ಲಿ 100 ಮಿಲಿಗ್ರಾಂ ಅಂದರು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ 12 ಅಂದಿತು. ಎರಡೂ ಕಡೆ ಇರುವುದು ಅದೇ ಮನುಷ್ಯರ ನರ ಅಲ್ವಾ? ಅದಕ್ಕಿಂತ ವಿಚಿತ್ರ ಅಂದರೆ ಅಮೆರಿಕದ ಆ 100 ಬರೀ ಸಲಹೆ, ಅದನ್ನು ಮೀರಿದ ಮಾತ್ರೆ ಮಾರಿದರೆ ಕಾನೂನು ಮುರಿದಂತಾಗುವುದಿಲ್ಲ.

ಇದಕ್ಕೊಂದು ಹಳೆಯ ಕಥೆ ಇದೆ. ದಿನಕ್ಕೆ ಬೇಕಾದ ಪ್ರಮಾಣದ ಒಂದೂವರೆ ಪಟ್ಟು ದಾಟಿದ ವಿಟಮಿನ್‌ಗಳನ್ನು ಔಷಧ ಅಂತಲೇ ನೋಡಬೇಕು ಎಂದು ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1973ರಲ್ಲಿ ಹೊರಟಿತ್ತು. ಜನ ಸಿಡಿದೆದ್ದರು. ಡೋಸ್ ಜಾಸ್ತಿ ಇದೆ ಅನ್ನೋ ಒಂದೇ ಕಾರಣಕ್ಕೆ ವಿಟಮಿನ್ ಅನ್ನು ಔಷಧ ಅನ್ನುವಂತಿಲ್ಲ ಎಂದು 1976ರಲ್ಲಿ ಸಂಸತ್ತೇ ಕಾನೂನು ಮಾಡಿ ಎಫ್‌ಡಿಎ ಕೈ ಕಟ್ಟಿತು. 1994ರ ಕಾಯಿದೆ ಇನ್ನೂ ಮುಂದೆ ಹೋಯಿತು: ಔಷಧ ಮಾಡುವವನು ಅದು ಸುರಕ್ಷಿತ ಅಂತ ಮೊದಲೇ ತೋರಿಸಬೇಕು, ಆದರೆ ವಿಟಮಿನ್ ಮಾತ್ರೆಯಂಥ ಸಪ್ಲಿಮೆಂಟ್ ವಿಷಯದಲ್ಲಿ ಅಪಾಯ ಇದೆ ಅಂತ ಸರ್ಕಾರವೇ ಸಾಬೀತು ಮಾಡಬೇಕು, ಅದೂ ಮಾರಾಟ ಶುರುವಾದ ಮೇಲೆ. ನನಗಂತೂ ಇದು ತಲೆಕೆಳಗು ಅನ್ನಿಸುತ್ತದೆ.

ಹಾಗಂತ ಸುಮ್ನೆ ನಿಷೇಧ ಮಾಡಿ ಅನ್ನುವುದೂ ಸರಿಯಲ್ಲ. ಕ್ಷಯದ ಐಸೋನಿಯಾಜಿಡ್ ಔಷಧ ನರಗಳಿಗೆ ತೊಂದರೆ ಕೊಡಬಾರದು ಅಂತ ವೈದ್ಯರೇ ಜೊತೆಗೆ ಬಿ6 ಬರೆದುಕೊಡುತ್ತಾರೆ. ಆಸ್ಟ್ರೇಲಿಯಾದಲ್ಲಿ 2022ರಿಂದ 10 ಮಿಲಿಗ್ರಾಂ ದಾಟಿದರೆ ನರದ ತೊಂದರೆಯ ಎಚ್ಚರಿಕೆ ಲೇಬಲ್ ಮೇಲೆ ಇರಲೇಬೇಕು. ಒಳ್ಳೆಯದೇ. ಆದರೆ ಬಿ6 ಮಲ್ಟಿವಿಟಮಿನ್‌ನಲ್ಲೂ ಇರುತ್ತದೆ, ಕೆಲವು ಮೆಗ್ನೀಷಿಯಂ ಮಾತ್ರೆಯಲ್ಲೂ, ಎನರ್ಜಿ ಡ್ರಿಂಕ್‌ನಲ್ಲೂ. ಪ್ರತಿ ಡಬ್ಬಿಯೂ ತನ್ನ ಲೆಕ್ಕ ಮಾತ್ರ ಹೇಳುತ್ತದೆ, ಮೂರನ್ನೂ ಕೂಡಿಸುವ ಕೆಲಸ ಸದ್ಯಕ್ಕೆ ನುಂಗುವವನ ಪಾಲಿಗೇ ಬಿಟ್ಟಿದ್ದು.