ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗ

ಯಾವ ಬಡಾವಣೆ ನಡೆದಾಡಲು ಎಷ್ಟು ಚೆನ್ನಾಗಿದೆ ಎಂದು ಅಳೆಯುವುದು ನನ್ನ ಕೆಲಸ. ಅದಕ್ಕೆ ಆಧಾರ ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಶುರುವಾದ ಈ ನಕ್ಷೆಯನ್ನು ಬಹುಪಾಲು ಜನರೇ ಬಿಡುವಿನಲ್ಲಿ ಕೂತು ತುಂಬಿದ್ದಾರೆ. ಅವರ ಮೇಲೆ ನನಗೆ ತುಂಬ ಅಕ್ಕರೆ. ಆದರೆ ಇದೇ ನಕ್ಷೆ ಇಟ್ಟುಕೊಂಡು ಮಾಡಿದ ವರದಿಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಂಡಾಗ ತಾಳ್ಮೆ ಕೆಡುತ್ತದೆ.

ಹೋದ ವರ್ಷ ಬೆಂಗಳೂರಿನ ಎರಡು ಬಡಾವಣೆಗಳನ್ನು ಹೋಲಿಸಿದ ವರದಿಯೊಂದು ಬಂತು. ಒಂದರಲ್ಲಿ ಹೆಚ್ಚಿನ ರಸ್ತೆಗಳಿಗೆ ಫುಟ್‌ಪಾತ್ ಇದೆಯಂತೆ, ಇನ್ನೊಂದರಲ್ಲಿ ಸೊನ್ನೆ. ಆ ಸೊನ್ನೆ ಬಡಾವಣೆಗೆ ನಾನು ವಾರಕ್ಕೆರಡು ಸಲ ತರಕಾರಿಗೆ ಹೋಗುತ್ತೇನೆ. ಅಲ್ಲಿ ಫುಟ್‌ಪಾತ್ ಇದೆ. ಚಪ್ಪಡಿ ಅಲುಗುತ್ತದೆ, ಟ್ರಾನ್ಸ್‌ಫಾರ್ಮರ್ ಅಡ್ಡ ಬರುತ್ತದೆ, ಆದರೂ ಇದೆ.

ಆಗಿದ್ದು ಇಷ್ಟು. ನಕ್ಷೆಯಲ್ಲಿ ಪ್ರತಿ ರಸ್ತೆಗೂ 'ಸೈಡ್‌ವಾಕ್' ಎಂಬ ಟ್ಯಾಗ್ ಹಾಕಬಹುದು. ಎರಡೂ ಕಡೆ ಇದೆ, ಎಡಕ್ಕಿದೆ, ಬಲಕ್ಕಿದೆ, ಇಲ್ಲ ಎಂದೆಲ್ಲ ಬರೆಯಬಹುದು. 'ಇಲ್ಲ' ಎಂದಿದ್ದರೆ ಯಾರೋ ನೋಡಿ ಬರೆದಿದ್ದಾರೆ. ಖಾಲಿ ಇದ್ದರೆ ಯಾರೂ ಏನೂ ಬರೆದಿಲ್ಲ, ಅಷ್ಟೇ. ಮೇಷ್ಟ್ರು ಹೆಸರೇ ಕೂಗದ ಹುಡುಗನನ್ನು ಗೈರುಹಾಜರು ಅನ್ನೋಕಾಗುತ್ತಾ? ವರದಿಯವರ ಪ್ರೋಗ್ರಾಂ ಖಾಲಿಯನ್ನೆಲ್ಲ 'ಇಲ್ಲ' ಎಂದು ಎಣಿಸಿತ್ತು. ಮೊದಲ ಬಡಾವಣೆಯ ಎಡಿಟ್ ಇತಿಹಾಸ ತೆಗೆದು ನೋಡಿದೆ. ಟ್ಯಾಗ್ ಎಲ್ಲ ಹೆಚ್ಚುಕಡಿಮೆ ಒಬ್ಬರದೇ ಕೈಕೆಲಸ. ಯಾರೋ ಪುಣ್ಯಾತ್ಮರು ಬೀದಿ ಬೀದಿ ಸುತ್ತಿದ್ದರು. ವರದಿ ಅಳೆದದ್ದು ಅವರ ಶ್ರದ್ಧೆಯನ್ನು. ಆ ವರದಿ ನೋಡಿ ಯಾರಾದರೂ ಫುಟ್‌ಪಾತ್‌ಗೆ ದುಡ್ಡು ಹಂಚಿದರೆ?

ಹಾಗಾಗಿ ಮೂರು ಲೆಕ್ಕ ಇಡಿ ಎನ್ನುತ್ತೇನೆ: ಇದೆ, ಇಲ್ಲ, ಗೊತ್ತಿಲ್ಲ. 'ಗೊತ್ತಿಲ್ಲ' ಅರ್ಧಕ್ಕಿಂತ ಜಾಸ್ತಿ ಇದ್ದರೆ ನಾನು ಅಂಕವನ್ನೇ ಕೊಡುವುದಿಲ್ಲ. ಕೆಲವರು ಫುಟ್‌ಪಾತನ್ನು ಬೇರೆ ಗೆರೆಯಾಗಿಯೇ ಎಳೆದಿರುತ್ತಾರೆ, ಅದನ್ನೂ ಸೇರಿಸಿಕೊಳ್ಳಬೇಕು. 'ಇದೆ' ಎಂದ ಮಾತ್ರಕ್ಕೆ ನಡೆಯಬಹುದು ಅಂತಲೂ ನಾನು ಹೇಳಲಾರೆ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಡೆತಡೆ ಇಲ್ಲದ 1.8 ಮೀಟರ್ ಅಗಲ ಕೇಳುತ್ತದೆ. ಅಗಲ ಬರೆದ ರಸ್ತೆಗಳು ನನಗೆ ಸಿಕ್ಕಿದ್ದು ಬಹಳ ಕಡಿಮೆ.

ವರದಿ ಮಾಡಿದ ಹುಡುಗರನ್ನು ಒಂದು ಭಾನುವಾರ ಆ ಬಡಾವಣೆಗೇ ಕರೆದುಕೊಂಡು ಹೋದೆ. ಫೋನಿನಲ್ಲಿ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ಇತ್ತು. ಈ ಬೀದಿಗೆ ಫುಟ್‌ಪಾತ್ ಇದೆಯಾ ಎಂದು ಅದು ಕೇಳುತ್ತದೆ, ನಿಂತು ನೋಡಿ ಉತ್ತರ ಒತ್ತಿದರಾಯಿತು. ಬಿಸಿಲೇರುವ ಹೊತ್ತಿಗೆ ಹುಡುಗರಿಗೆ ಹುಮ್ಮಸ್ಸು ಬಂದಿತ್ತು. ಗೇಟಿನ ಬಳಿ ಕೂತಿದ್ದ ಅಜ್ಜಿಯೊಬ್ಬರು ಏನು ಬರ್ಕೊಳ್ತಿದ್ದೀರಿ ಎಂದು ಕೇಳಿದರು. ಹೇಳಿದೆವು. "ಹಾಗಾದ್ರೆ ಆ ಮೂಲೆ ಚಪ್ಪಡಿ ಹೋಗಿರೋದೂ ಬರ್ಕೊಳ್ಳಿ. ಅದಕ್ಕೇ ನಾನು ಗುಡಿಗೆ ಹೋಗೋದು ಬಿಟ್ಟೆ" ಎಂದರು. ಅದಕ್ಕೆ ಆ್ಯಪ್‌ನಲ್ಲಿ ಪ್ರಶ್ನೆ ಇರಲಿಲ್ಲ. ನಕ್ಷೆಯ ಆ ಮೂಲೆಗೆ ಒಂದು ಟಿಪ್ಪಣಿ ಹಾಕಿ ಬಂದೆವು.