ಗ್ರಾಫ್ ಬಿಡಿಸುವವರು ಯಾರು?

ಹದಿನೈದು ವರ್ಷ ಹಳೆಯದಾದ ಯಾವುದಾದರೂ ವೆಬ್‌ಸೈಟ್ ತೆರೆದು ನೋಡಿ. ಬರಹ ಇರುತ್ತದೆ, ಫೋಟೊ ಇರುತ್ತದೆ. ‘ಕೆಳಗಿನ ಗ್ರಾಫ್ ನೋಡಿ’ ಎಂಬ ಸಾಲೂ ಇರುತ್ತದೆ. ಕೆಳಗೆ ನೋಡಿದರೆ ಎಷ್ಟೋ ಸಲ ಸಿಗುವುದು ಬೂದು ಬಣ್ಣದ ಖಾಲಿ ಚೌಕ. ಬರಹ ಹಾಳಾಗಲಿಲ್ಲ, ಫೋಟೊ ಹಾಳಾಗಲಿಲ್ಲ. ಗ್ರಾಫ್ ಮಾತ್ರ ಎಲ್ಲಿಗೆ ಹೋಯಿತು?

ಅದು ಗೊತ್ತಾಗಬೇಕಾದರೆ ಗ್ರಾಫ್ ಬಿಡಿಸುತ್ತಿದ್ದವರು ಯಾರು ಎಂದು ಕೇಳಬೇಕು. ಮೊದಲು ಆ ಕೆಲಸ ಸರ್ವರ್‌ನದಾಗಿತ್ತು, ಅಂದರೆ ವೆಬ್‌ಸೈಟನ್ನು ಇಟ್ಟುಕೊಂಡು ಕೇಳಿದವರಿಗೆ ಕಳಿಸುವ ಕಂಪ್ಯೂಟರಿನದು. ಆಮೇಲೆ ಬ್ರೌಸರ್‌ಗೆ ಅಂಟಿಸಿದ ಪ್ಲಗಿನ್ ಎಂಬ ಪುಟ್ಟ ತಂತ್ರಾಂಶ ಅದನ್ನು ವಹಿಸಿಕೊಂಡಿತು. ನಡುವೆ ಕೆಲವರು ಅದನ್ನು ದೂರದ ದೊಡ್ಡ ಕಂಪನಿಯೊಂದಕ್ಕೆ ಒಪ್ಪಿಸಿ ನಿಶ್ಚಿಂತೆಯಿಂದ ಇದ್ದರು. ಈಗ ನಿಮ್ಮ ಮೊಬೈಲ್‌ನ ಬ್ರೌಸರ್ ತಾನೇ ಕೂತು ಬಿಡಿಸುತ್ತದೆ. ಕೈ ಬದಲಾದಾಗಲೆಲ್ಲ ಒಂದಷ್ಟು ಚಿತ್ರಗಳು ಅಳಿಸಿಹೋದವು.

ಗ್ರಾಫ್ ಏನೋ ಹಳೆಯ ವಿದ್ಯೆ. 1786ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಆಮದು ರಫ್ತಿನ ಲೆಕ್ಕವನ್ನು ಗೆರೆಗಳಲ್ಲಿ ಎಳೆದು ಪುಸ್ತಕ ಮಾಡಿದ. ಸ್ಕಾಟ್ಲೆಂಡಿನದ್ದು ಮಾತ್ರ ಅವನ ಬಳಿ ಒಂದೇ ವರ್ಷದ ಲೆಕ್ಕ ಇತ್ತು. ಒಂದು ವರ್ಷದ ಲೆಕ್ಕದಲ್ಲಿ ಏರಿಳಿತದ ಗೆರೆ ಎಳೆಯುವುದು ಹೇಗೆ? ಹಾಗಾಗಿ ಪಟ್ಟಿಗಳನ್ನು ಬಿಡಿಸಿದ. ನಾವು ಬಾರ್ ಚಾರ್ಟ್ ಅನ್ನುತ್ತೇವಲ್ಲ, ಅದು ಬಂದದ್ದು ಹೀಗೆ. ಪೈ ಚಾರ್ಟ್ ಕೂಡ ಅವನದೇ, 1801ರದ್ದು. ಶಾಲೆಯಲ್ಲಿ ಗ್ರಾಫ್ ಶೀಟ್ ಮೇಲೆ ಸ್ಕೇಲ್ ಇಟ್ಟು ನಾವು ಎಳೆದಿದ್ದೂ ಹೆಚ್ಚುಕಡಿಮೆ ಇವನ್ನೇ. ಇನ್ನೂರು ವರ್ಷ ಅವು ಕಾಗದದ ಮೇಲೆ ಅಲ್ಲಾಡದೆ ಕೂತಿದ್ದವು.

1993ರಲ್ಲಿ ಮೊಸಾಯಿಕ್ ಬ್ರೌಸರ್ ಬಂತು. ಬರಹದ ನಡುವೆಯೇ ಚಿತ್ರ ತೋರಿಸುವುದು ಅದರಿಂದ ರೂಢಿಯಾಯಿತು. ಚಿತ್ರ ಬರುತ್ತದೆ ಎಂದಮೇಲೆ ಗ್ರಾಫ್ ಕೂಡ ಬರಬಹುದು ತಾನೇ? 1994ರಲ್ಲಿ ಥಾಮಸ್ ಬೌಟೆಲ್ ಬರೆದ ಜಿಡಿ ಎಂಬ ತಂತ್ರಾಂಶ ಈ ಕೆಲಸಕ್ಕೆ ಬಂತು. ಸರ್ವರ್‌ನಲ್ಲಿ ಒಂದು ಪ್ರೋಗ್ರಾಂ ಅಂಕಿಗಳನ್ನು ಓದಿ, ಗೆರೆ ಎಳೆದು, ಜಿಐಎಫ್ ಚಿತ್ರ ಮಾಡಿ ಕಳಿಸುತ್ತಿತ್ತು. ಜಿಐಎಫ್ ಒಳಗೆ ಚಿತ್ರವನ್ನು ಕುಗ್ಗಿಸಿಡುವ ವಿದ್ಯೆಗೆ ಯೂನಿಸಿಸ್ ಕಂಪನಿಯ ಪೇಟೆಂಟ್ ಇತ್ತು. ಆ ರಗಳೆಯಿಂದ ಜಿಡಿ 1999ರಲ್ಲಿ ಜಿಐಎಫ್ ಬಿಟ್ಟು ಪಿಎನ್‌ಜಿ ಎಂಬ ಇನ್ನೊಂದು ಚಿತ್ರರೂಪ ಹಿಡಿಯಿತು. ಪೇಟೆಂಟ್ ಅವಧಿ ಮುಗಿದ ಮೇಲೆ, 2004ರಲ್ಲಿ, ಜಿಐಎಫ್ ವಾಪಸ್ ಬಂತು.

ಈ ಪದ್ಧತಿಯಲ್ಲಿ ಓದುಗ ಮಾಡಬಹುದಾದ್ದು ಬಹಳ ಕಡಿಮೆ. ‘2001ರ ಬದಲು 2002 ತೋರಿಸು’ ಎಂದು ಒತ್ತಿದರೆ ಇಡೀ ಪುಟ ಮತ್ತೆ ಲೋಡ್ ಆಗಬೇಕು. ಡಯಲ್‌ಅಪ್ ಮೋಡೆಮ್ ಕಾಲ ಬೇರೆ. ಅಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುತ್ತಿತ್ತು. ಪುಟದೊಳಗೇ ಓಡುವ ಪುಟ್ಟ ಪ್ರೋಗ್ರಾಂಗಳಾದ ಜಾವಾ ಆಪ್ಲೆಟ್‌ಗಳು ಬಂದವು, ತೆರೆದುಕೊಳ್ಳುವುದಕ್ಕೇ ಯುಗ ತೆಗೆದುಕೊಂಡವು, ಹೋದವು.

ಗ್ರಾಫ್‌ಗೆ ಜೀವ ಕೊಟ್ಟಿದ್ದು ಫ್ಲ್ಯಾಶ್ ಎಂಬ ಪ್ಲಗಿನ್. ಅದು ಹುಟ್ಟಿದ್ದು ಆನಿಮೇಷನ್‌ಗಾಗಿ. ಚೆಂಡು ಪುಟಿಯುವಂತೆ ಮಾಡಬಲ್ಲ ತಂತ್ರಾಂಶ ಬಾರ್ ಒಂದನ್ನು ಮೇಲೇಳುವಂತೆ ಮಾಡುವುದು ಏನು ಕಷ್ಟ? 2002ರಲ್ಲಿ ಕೋಲ್ಕತ್ತದ ಪಲ್ಲವ್ ನಧಾನಿ ಎಂಬ ಹದಿನೇಳರ ಹುಡುಗ, ಎಕ್ಸೆಲ್ ಚಾರ್ಟ್‌ಗಳನ್ನು ನೋಡಿ ನೋಡಿ ಬೇಸತ್ತು, ಫ್ಯೂಷನ್‌ಚಾರ್ಟ್ಸ್ ಎಂಬುದನ್ನು ಶುರು ಮಾಡಿದ. ಅಂಕಿಗಳನ್ನು ಒಂದು ಎಕ್ಸ್‌ಎಂಎಲ್ ಕಡತದಲ್ಲಿ ಬರೆದುಕೊಟ್ಟರೆ ಸಾಕು, ಉಳಿದದ್ದನ್ನು ಫ್ಲ್ಯಾಶ್ ನೋಡಿಕೊಳ್ಳುತ್ತಿತ್ತು. 2009ರಲ್ಲಿ ಅಮೆರಿಕ ಸರ್ಕಾರ ತನ್ನ ಐಟಿ ಖರ್ಚನ್ನು ಜನರಿಗೆ ತೋರಿಸಲು ತೆರೆದ ಡ್ಯಾಶ್‌ಬೋರ್ಡ್‌ನಲ್ಲೂ ಇದೇ ಚಾರ್ಟ್‌ಗಳು ಕಾಣಿಸಿಕೊಂಡವು.

ಫ್ಲ್ಯಾಶ್ ಕಾಲದ ದೊಡ್ಡ ತಾರೆ ಮಾತ್ರ ಒಬ್ಬ ಡಾಕ್ಟರ್. ಸ್ವೀಡನ್ನಿನ ಹಾನ್ಸ್ ರೋಸ್ಲಿಂಗ್. 1972ರಲ್ಲಿ, ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ, ಅವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದ್ದರು. ಅಲ್ಲಿನ ಹುಡುಗರು ಎಕ್ಸ್‌ರೇ ನೋಡಿ ತಮಗಿಂತ ಚೆನ್ನಾಗಿ ಉತ್ತರ ಹೇಳಿದ್ದು ಕಂಡು, ಶ್ರೀಮಂತ ದೇಶದವರೇ ಮುಂದೆ ಎಂಬ ತನ್ನ ಎಣಿಕೆ ಅಲ್ಲೇ ಮುರಿಯಿತು ಎಂದು ಮುಂದೆ ಬರೆದುಕೊಂಡರು. ಅದೇ ಮಾತನ್ನು ಜಗತ್ತಿಗೆ ಹೇಳಲು ಅವರಿಗೆ ಸಿಕ್ಕ ಸಾಧನ ಅಲುಗಾಡುವ ಗ್ರಾಫ್. ಮಗ ಮತ್ತು ಸೊಸೆ ಸೇರಿ ಟ್ರೆಂಡಲೈಜರ್ ಎಂಬ ತಂತ್ರಾಂಶ ಮಾಡಿಕೊಟ್ಟರು. ಒಂದೊಂದು ದೇಶಕ್ಕೆ ಒಂದೊಂದು ಗುಳ್ಳೆ. ಜನಸಂಖ್ಯೆ ಜಾಸ್ತಿ ಇದ್ದರೆ ಗುಳ್ಳೆ ದೊಡ್ಡದು. ವರ್ಷಗಳು ಉರುಳುತ್ತಿದ್ದಂತೆ ಗುಳ್ಳೆಗಳು ತೇಲುತ್ತಾ ಬಡತನದಿಂದ, ಕಡಿಮೆ ಆಯಸ್ಸಿನಿಂದ ಮೇಲಕ್ಕೆ ಬರುತ್ತವೆ. 2006ರ ಟೆಡ್ ಭಾಷಣದಲ್ಲಿ ಅವರು ಅದನ್ನು ಕ್ರಿಕೆಟ್ ಕಾಮೆಂಟರಿಯ ವೇಗದಲ್ಲಿ ವಿವರಿಸಿದರು. ಮರುವರ್ಷವೇ ಗೂಗಲ್ ಅದನ್ನು ಕೊಂಡುಕೊಂಡಿತು.

ಅದೇ 2007ರಲ್ಲಿ ಐಫೋನ್ ಬಂತು. ಅದರಲ್ಲಿ ಫ್ಲ್ಯಾಶ್ ಇರಲಿಲ್ಲ. 2010ರ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು, ಬ್ಯಾಟರಿ ತಿನ್ನುತ್ತದೆ, ಭದ್ರತೆ ಇಲ್ಲ, ಬೆರಳಿಗೆ ಹೊಂದುವುದಿಲ್ಲ ಎಂದು ಕಾರಣ ಕೊಟ್ಟರು. ಅದರಲ್ಲಿ ಆಪಲ್‌ನ ಸ್ವಾರ್ಥವೂ ಇತ್ತು ಅನ್ನಿ. ಆದರೆ ಬೆರಳಿನ ಮಾತು ನಿಜ. ಮೌಸ್ ಮೇಲೆ ತಂದು ನಿಲ್ಲಿಸಿದರೆ ಅಂಕಿ ತೋರಿಸುವ ಗ್ರಾಫ್ ಫೋನಿನಲ್ಲಿ ಏನು ಮಾಡಬೇಕು? ಬೆರಳು ಗಾಜನ್ನು ಮುಟ್ಟುತ್ತದೆ, ಇಲ್ಲವೇ ಮುಟ್ಟುವುದಿಲ್ಲ. ಮೇಲೆ ತಂದು ಸುಮ್ನೆ ನಿಲ್ಲಿಸುವುದು ಎಂಬುದೇ ಅಲ್ಲಿಲ್ಲ. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ನ ಒಡೆಯ ಅಡೋಬಿ ಕಂಪನಿ ಅದಕ್ಕೆ ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಪ್ಲೇಯರ್ ತಾನಾಗಿಯೇ ಕಡತ ತೆರೆಯಲು ಒಪ್ಪಲಿಲ್ಲ. ಬೂದು ಚೌಕಗಳಲ್ಲಿ ಒಂದು ಪಾಲು ಹುಟ್ಟಿದ್ದು ಹೀಗೆ.

ಇನ್ನೊಂದು ಪಾಲು ಗೂಗಲ್‌ನದು. 2007ರ ಡಿಸೆಂಬರ್‌ನಲ್ಲಿ ಅದು ಒಂದು ಸೊಗಸಾದ ಸೌಲಭ್ಯ ಕೊಟ್ಟಿತು. ಚಾರ್ಟ್ ಬೇಕಾದರೆ ಪ್ರೋಗ್ರಾಂ ಬರೆಯುವುದೇ ಬೇಡ. ವೆಬ್ ವಿಳಾಸದಲ್ಲೇ ‘ಪೈ ಚಾರ್ಟ್, ಅಗಲ 250, ಎತ್ತರ 100, ಅಂಕಿ 60 ಮತ್ತು 40’ ಎಂದು ಸಂಕೇತದಲ್ಲಿ ಬರೆದರೆ ಆಯಿತು. ಗೂಗಲ್‌ನ ಸರ್ವರ್ ಚಿತ್ರ ಬಿಡಿಸಿ ಕಳಿಸುತ್ತಿತ್ತು. ಬ್ಲಾಗ್ ಬರೆಯುವವರಿಗೆ ಹಬ್ಬ. 2012ರಲ್ಲಿ ಗೂಗಲ್ ಇದನ್ನು ಹಳತು ಎಂದು ಸಾರಿತು, 2019ರಲ್ಲಿ ಬಾಗಿಲು ಹಾಕಿತು. ಏಳು ವರ್ಷ ಮೊದಲೇ ಹೇಳಿದ್ದರು, ನಿಜ. ಆದರೆ ಹಳೆಯ ಲೇಖನ ತೆಗೆದು ಚಾರ್ಟ್ ಬದಲಿಸಲು ಯಾರಿಗೆ ಪುರುಸೊತ್ತು? ಗೂಗಲ್‌ನ ಹೊಸ ಚಾರ್ಟ್‌ಗಳು ಬ್ರೌಸರ್‌ನಲ್ಲೇ ಮೂಡುತ್ತವೆ, ಚೆನ್ನಾಗಿಯೂ ಇವೆ. ಆದರೆ ಅವುಗಳ ಕೋಡ್ ಅನ್ನು ನಮ್ಮ ಸರ್ವರ್‌ನಲ್ಲಿ ಇಳಿಸಿ ಇಟ್ಟುಕೊಳ್ಳಲು ಈಗಲೂ ಅನುಮತಿ ಇಲ್ಲ. ಬಾಡಿಗೆ ಮನೆ, ಅಷ್ಟೇ.

ಬ್ರೌಸರ್ ತಾನೇ ಬಿಡಿಸಬೇಕಾದರೆ ಅದಕ್ಕೊಂದು ಭಾಷೆ ಬೇಕು. ಅದು ಎಸ್‌ವಿಜಿ. ‘ಇಲ್ಲಿಂದ ಅಲ್ಲಿಗೆ ಗೆರೆ, ಇಲ್ಲೊಂದು ವೃತ್ತ’ ಎಂದು ಪದಗಳಲ್ಲಿ ಬರೆದರೆ ಬ್ರೌಸರ್ ಚಿತ್ರ ಮೂಡಿಸುತ್ತದೆ. 2001ರಲ್ಲೇ ಅದು ಅಧಿಕೃತ ಮಾನಕವಾಗಿತ್ತು. ಆದರೂ ಹತ್ತು ವರ್ಷ ಕಾಯಬೇಕಾಯಿತು. ಯಾಕೆಂದರೆ ಆಗ ಜಾಸ್ತಿ ಜನ ಬಳಸುತ್ತಿದ್ದ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಆ ಭಾಷೆ ಬರುತ್ತಿರಲಿಲ್ಲ. ಮೈಕ್ರೋಸಾಫ್ಟ್‌ಗೆ ತನ್ನದೇ ಆದ ವಿಎಂಎಲ್ ಎಂಬ ಚಿತ್ರಭಾಷೆ ಇತ್ತು. ಎಕ್ಸ್‌ಪ್ಲೋರರ್ ಎಸ್‌ವಿಜಿ ಕಲಿತದ್ದು 2011ರ ಒಂಬತ್ತನೇ ಆವೃತ್ತಿಯಲ್ಲಿ.

ಕಾಯಲು ಒಪ್ಪದವರೂ ಇದ್ದರು. ನಾರ್ವೆಯಲ್ಲಿ ವಿಕ್ ಎಂಬ ಚಿಕ್ಕ ಊರಿದೆ. ಅಲ್ಲಿನ ಟೋರ್ಸ್ಟೈನ್ ಹೋನ್ಸಿ ಅವರ ಕುಟುಂಬಕ್ಕೆ ಪಕ್ಕದ ಬೆಟ್ಟದಲ್ಲಿ ಒಂದು ಪುಟ್ಟ ಮನೆ ಇತ್ತು. ಬೆಟ್ಟದ ಮೇಲೆ ಹಿಮ ಎಷ್ಟು ಬಿದ್ದಿದೆ ಎಂದು ತಮ್ಮ ವೆಬ್‌ಸೈಟಿನಲ್ಲಿ ಗ್ರಾಫ್ ಹಾಕಬೇಕು ಎಂದು ಅವರಿಗೆ ಆಸೆ. ಸಿಕ್ಕ ಸಾಧನಗಳು ಹಿಡಿಸಲಿಲ್ಲ. ತಾವೇ ಒಂದನ್ನು ಬರೆದರು. 2009ರಲ್ಲಿ ಹೊರಬಂದ ಹೈಚಾರ್ಟ್ಸ್ ಅದೇ. ಬ್ರೌಸರ್‌ಗೆ ಎಸ್‌ವಿಜಿ ಬಂದರೆ ಎಸ್‌ವಿಜಿ, ಬಾರದಿದ್ದರೆ ವಿಎಂಎಲ್. ಇಬ್ಬರ ಹತ್ತಿರವೂ ಅವರವರ ಭಾಷೆಯಲ್ಲೇ ಮಾತಾಡಿ ಕೆಲಸ ಮಾಡಿಸಿಕೊಳ್ಳುವ ಜಾಣ್ಮೆ. ಪ್ಲಗಿನ್ ಹಂಗಿಲ್ಲ. ಹಿಮ ಅಳೆಯಲು ಹುಟ್ಟಿದ ಈ ಚಾರ್ಟ್ ಆಮೇಲೆ ಎಷ್ಟೋ ಕಂಪನಿಗಳ ಷೇರು ಬೆಲೆಯನ್ನೂ ತೋರಿಸಿತು. ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ಇಷ್ಟವಾದ ಪ್ರಸಂಗ ಇದು.

2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಡಿ3 ಎಂಬ ತಂತ್ರಾಂಶ ಬಂತು. ಮೈಕ್ ಬೋಸ್ಟಾಕ್, ವಾಡಿಂ ಒಗಿವೆಟ್‌ಸ್ಕಿ, ಜೆಫ್ರಿ ಹೀರ್ ಮೂವರ ಕೆಲಸ. ಡಿ3 ದೋಸೆ ಕೊಡುವುದಿಲ್ಲ, ಅಕ್ಕಿ ಉದ್ದು ಕಾವಲಿ ಕೊಡುತ್ತದೆ. ಒಂದೊಂದು ಅಂಕಿಯನ್ನೂ ಪುಟದ ಒಂದೊಂದು ಆಕಾರಕ್ಕೆ ಗಂಟು ಹಾಕುವುದು ಅದರ ಮುಖ್ಯ ವಿದ್ಯೆ. ಅಂಕಿ ಬದಲಾದರೆ ಆ ಆಕಾರ ಬದಲಾಗುತ್ತದೆ, ಅಂಕಿ ಹೋದರೆ ಆಕಾರವೂ ಹೋಗುತ್ತದೆ. ಕಲಿಯುವುದು ಕಷ್ಟ. ಎಷ್ಟು ಜನ ಮೊದಲ ವಾರದಲ್ಲೇ ಕೈ ಮುಗಿದರೋ! ಬೋಸ್ಟಾಕ್ ನ್ಯೂಯಾರ್ಕ್ ಟೈಮ್ಸ್ ಸೇರಿದರು. ಪತ್ರಿಕೆಗಳ ಚುನಾವಣಾ ನಕ್ಷೆಗಳ ರೂಪವೇ ಬದಲಾಯಿತು.

ಕಷ್ಟ ಬೇಡ ಎನ್ನುವವರಿಗೆ 2013ರಲ್ಲಿ ನಿಕ್ ಡೌನಿ ಅವರ ಚಾರ್ಟ್.ಜೆಎಸ್ ಸಿಕ್ಕಿತು. ಅದು ಬಳಸುವುದು ಎಸ್‌ವಿಜಿಯನ್ನಲ್ಲ, ಬ್ರೌಸರ್ ಚಿತ್ರ ಬಿಡಿಸುವ ಇನ್ನೊಂದು ವಿಧಾನವಾದ ಕ್ಯಾನ್ವಾಸನ್ನು. ವ್ಯತ್ಯಾಸ ಏನು? ಎಸ್‌ವಿಜಿ ದಸರಾ ಗೊಂಬೆ ಕೂರಿಸಿದ ಹಾಗೆ. ಯಾವ ಗೊಂಬೆಯನ್ನು ಬೇಕಾದರೂ ಎತ್ತಿ ಪಕ್ಕಕ್ಕೆ ಇಡಬಹುದು. ಕ್ಯಾನ್ವಾಸ್ ರಂಗೋಲಿ. ಒಂದು ಎಳೆ ಬದಲಾಗಬೇಕಾದರೂ ಒರೆಸಿ ಮತ್ತೆ ಹಾಕಬೇಕು. ಆದರೆ ಹತ್ತಾರು ಸಾವಿರ ಚುಕ್ಕಿ ಇದ್ದರೆ ರಂಗೋಲಿಯೇ ಬೇಗ ಆಗುತ್ತದೆ, ಅಷ್ಟು ಗೊಂಬೆ ಕೂರಿಸಲು ಮೊಬೈಲ್ ಏದುಸಿರು ಬಿಡುತ್ತದೆ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಮಾತ್ರ ಕ್ಯಾನ್ವಾಸ್ ಒಳಗಿನದು ಏನೂ ತಿಳಿಯುವುದಿಲ್ಲ. ಪಕ್ಕದಲ್ಲಿ ಬರಹವನ್ನೋ ಕೋಷ್ಟಕವನ್ನೋ ಇಡಲೇಬೇಕು.

ಇಷ್ಟೆಲ್ಲ ಆದಮೇಲೆ ಒಂದು ತಮಾಷೆ ನಡೆಯಿತು. ಅಲುಗಾಡುವ ಗ್ರಾಫ್‌ಗಳಿಗೆ ಹೆಸರಾದ ನ್ಯೂಯಾರ್ಕ್ ಟೈಮ್ಸ್‌ನ ಆರ್ಚಿ ತ್ಸೆ 2016ರಲ್ಲಿ ಎದ್ದು ನಿಂತು, ನಾವು ಈಗ ಇಂಥವನ್ನು ಕಡಿಮೆ ಮಾಡುತ್ತಿದ್ದೇವೆ ಅಂದರು. ಓದುಗರು ಸ್ಕ್ರೋಲ್ ಮಾಡುತ್ತಾರೆ, ಒತ್ತುವುದಿಲ್ಲ ಎಂಬುದು ಅವರ ಅನುಭವ. ಅಲ್ಲೇ ಕೆಲಸ ಮಾಡುತ್ತಿದ್ದ ಗ್ರೆಗರ್ ಐಶ್ ಮರುವರ್ಷ, ನೂರಕ್ಕೆ ಹತ್ತು ಹದಿನೈದು ಜನ ಒತ್ತಿದರೂ ಅವರಿಗಾಗಿ ಮಾಡಬಹುದು, ಅಂಕಿಗಳನ್ನು ತೆರೆದಿಟ್ಟರೆ ಓದುಗರಿಗೆ ನಂಬಿಕೆ ಬರುತ್ತದೆ ಎಂಬ ಅರ್ಥದಲ್ಲಿ ಉತ್ತರ ಕೊಟ್ಟರು. ನನಗೆ ಇಬ್ಬರ ಮಾತೂ ಸರಿ ಅನ್ನಿಸುತ್ತದೆ. ಮುಖ್ಯ ವಿಷಯವನ್ನು ಗುಂಡಿಯ ಹಿಂದೆ ಬಚ್ಚಿಡಬಾರದು. ಗುಂಡಿ ಬೇಕಿರುವುದು ‘ನನ್ನ ಜಿಲ್ಲೆಯಲ್ಲಿ ಎಷ್ಟು?’ ಎಂದು ಕೇಳುವವರಿಗೆ.

ಆ ಪ್ರಶ್ನೆಯನ್ನು ಎಲ್ಲರೂ ಒಟ್ಟಿಗೆ ಕೇಳಿದ್ದು 2020ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಸ್ವಯಂಸೇವಕರು ಕೋವಿಡ್19ಇಂಡಿಯಾ ಎಂಬ ತಾಣ ತೆರೆದರು. ಕರ್ನಾಟಕದ್ದೂ ಸೇರಿ ರಾಜ್ಯಗಳ ಆರೋಗ್ಯ ಪ್ರಕಟಣೆಗಳು ಬಹುತೇಕ ಪಿಡಿಎಫ್‌ನಲ್ಲೋ ಚಿತ್ರದಲ್ಲೋ ಬರುತ್ತಿದ್ದವು. ಒಬ್ಬೊಬ್ಬ ರೋಗಿಗೂ ‘ಪಿ’ ಸಂಖ್ಯೆ ಕೊಟ್ಟು ಪಟ್ಟಿ ಮಾಡುತ್ತಿದ್ದ ನಮ್ಮ ಸಂಜೆಯ ಬುಲೆಟಿನ್ ನೆನಪಿದೆ ಅಲ್ವಾ? ಅವನ್ನೆಲ್ಲ ಕೂತು ಓದಿ ಕೋಷ್ಟಕಕ್ಕೆ ಹಾಕುವವರು ಮನುಷ್ಯರೇ. ಅಲ್ಲಿಂದ ಮುಂದೆ ಗೆರೆ ಎಳೆಯುವುದು ಓದುಗನ ಬ್ರೌಸರ್. ಆ ಗ್ರಾಫ್‌ಗಳ ಪಕ್ಕ ಲಾಗರಿದಮ್ ಅಳತೆಗೆ, ಅಂದರೆ 10, 100, 1000 ಎಂದು ಮೆಟ್ಟಿಲು ಏರುವ ಅಳತೆಗೆ, ಬದಲಿಸುವ ಒಂದು ಗುಂಡಿ ಇತ್ತು. ಪಿಯುಸಿಯಲ್ಲಿ ಲಾಗ್ ಟೇಬಲ್ ಕಂಡರೆ ಆಗದವರೂ ಅದನ್ನು ಒತ್ತಿ, ಸೋಂಕು ದುಪ್ಪಟ್ಟಾಗುವ ವೇಗ ತಗ್ಗಿತೇ ಎಂದು ನೋಡುತ್ತಿದ್ದರು. 2021ರ ಅಕ್ಟೋಬರ್ 31ಕ್ಕೆ ತಾಣ ತನ್ನ ಕೆಲಸ ನಿಲ್ಲಿಸಿತು.

ಈಗ ಕನ್ನಡದ ವಿಷಯ. ಯಾರು ಬಿಡಿಸುತ್ತಾರೆ ಎಂಬ ಪ್ರಶ್ನೆ ನಮಗೆ ಬೇರೆಯವರಿಗಿಂತ ಜಾಸ್ತಿ ಮುಖ್ಯ. ಇಂಗ್ಲಿಷ್ ಅಕ್ಷರಗಳನ್ನು ಸಾಲಾಗಿ ಜೋಡಿಸಿದರೆ ಸಾಕು. ನಮ್ಮ ಒತ್ತಕ್ಷರ, ಗುಣಿತಕ್ಕೆ ಅಕ್ಷರಗಳನ್ನು ಬೆಸೆಯುವ ಬೇರೆ ತಂತ್ರಾಂಶ ಬೇಕು. ಸರ್ವರ್‌ನಲ್ಲಿ ಚಿತ್ರ ಬಿಡಿಸುವ ಹಳೆಯ ಸಾಧನಗಳಲ್ಲಿ ಅದು ಇರಲಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನ ಹಳೆಯ ಆವೃತ್ತಿಗಳಲ್ಲಿ ಜಿಲ್ಲೆಗಳ ಹೆಸರು ಬರೆದು ನೋಡಿದವರಿಗೆ ಗೊತ್ತು. ಮೊದಲು ಹೆಸರಿನ ಬದಲು ಚೌಕಗಳು. ಕನ್ನಡ ಫಾಂಟ್ ಕೊಟ್ಟ ಮೇಲೆ ‘ದಕ್‌ಷಿಣ ಕನ್‌ನಡ’. ಅದೇ ಹೆಸರನ್ನು ಎಸ್‌ವಿಜಿಯಲ್ಲೋ ಕ್ಯಾನ್ವಾಸ್‌ನಲ್ಲೋ ಬ್ರೌಸರ್ ಬರೆದರೆ ಸರಿಯಾಗಿ ಮೂಡುತ್ತದೆ. ಪುಟದ ಬರಹವನ್ನು ಬೆಸೆಯುವ ಕೈಯೇ ಗ್ರಾಫ್‌ನ ಹೆಸರನ್ನೂ ಬೆಸೆಯುತ್ತದೆ.

ತೊಡಕು ಪೂರ್ತಿ ಮುಗಿದಿಲ್ಲ. ಬ್ರೌಸರ್‌ನ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ ‘ಕ್ಷಿ’ ಒಂದು ಅಕ್ಷರವಲ್ಲ, ನಾಲ್ಕು. ಹೆಸರು ಉದ್ದವಾಯಿತೆಂದು ಅಕ್ಷರ ಎಣಿಸಿ ಕತ್ತರಿಸಿದರೆ ಒತ್ತಿನ ನಡುವೆಯೇ ಕತ್ತರಿ ಬೀಳಬಹುದು. ಹನ್ನೆರಡೂವರೆ ಲಕ್ಷವನ್ನು ಚಿಕ್ಕದಾಗಿ ಬರೆ ಎಂದರೆ ಡಿ3 ಅದನ್ನು ಮಿಲಿಯನ್ ಲೆಕ್ಕಕ್ಕೆ ತಂದು 1.25 ಮಾಡುತ್ತದೆ. 12,50,000 ಎಂದು ಅಲ್ಪವಿರಾಮ ಬೀಳಬೇಕಾದರೆ ಭಾರತದ ರೂಢಿ ಹಾಕು ಎಂದು ನಾವೇ ಹೇಳಬೇಕು. ಹೇಳಿದರೆ ಕೇಳುತ್ತದೆ.

ಇನ್ನು ಮೂವತ್ತೊಂದು ಜಿಲ್ಲೆಗಳ ಕಂಬ ನಿಲ್ಲಿಸಿದರೆ ಕೆಳಗೆ ‘ಬೆಂಗಳೂರು ನಗರ’, ‘ಚಿಕ್ಕಬಳ್ಳಾಪುರ’ ಎಲ್ಲ ಒಂದರ ಮೇಲೊಂದು ಬೀಳುತ್ತವೆ. ತಂತ್ರಾಂಶಗಳು ಹೆಸರುಗಳನ್ನು ಓರೆ ಮಾಡುತ್ತವೆ, ಓದುಗ ಕತ್ತು ಓರೆ ಮಾಡುತ್ತಾನೆ. ಸುಲಭದ ದಾರಿ ಎಂದರೆ ಕಂಬಗಳನ್ನು ಮಲಗಿಸಿ, ಪಕ್ಕದಲ್ಲಿ ಹೆಸರು ಬರೆಯುವುದು. ಪ್ಲೇಫೇರ್ 1786ರಲ್ಲಿ ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಬಿಡಿಸಿದ ಆ ಮೊದಲ ಬಾರ್ ಚಾರ್ಟ್‌ನಲ್ಲೂ ಪಟ್ಟಿಗಳು ಅಡ್ಡಡ್ಡವಾಗಿಯೇ ಮಲಗಿವೆ. ಹದಿನೇಳು ದೇಶಗಳ ಹೆಸರು ಬಲಬದಿಯಲ್ಲಿವೆ, ಒಂದೂ ಓರೆಯಾಗಿಲ್ಲ.