ಊರಿಗೆ ಫೈಬರ್ ಬಂದರೆ ಪೇಟೆಗೆ ದುಡ್ಡು ಬರುತ್ತಾ?

ಪ್ರಶ್ನೆ: ನಮ್ಮೂರಿಗೆ ಫೈಬರ್ ಲೈನ್ ಬಂದಿದೆ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಸ್ಪೀಡ್ ಅಂತಾರೆ. ಆದರೆ ಪೇಟೆಯ ವ್ಯಾಪಾರ ಮೊದಲಿದ್ದ ಹಾಗೇ ಇದೆ. ಇಂಟರ್ನೆಟ್ ಬಂದರೆ ಊರು ಮುಂದೆ ಬರುತ್ತೆ ಅನ್ನೋದು ನಿಜಾನಾ?
– ಹಾವೇರಿ ಜಿಲ್ಲೆಯ ಓದುಗರೊಬ್ಬರು

ಉತ್ತರ: ನಿಜ, ಆದರೆ ಎಲ್ಲ ಊರಿಗೂ ಒಂದೇ ಥರ ಅಲ್ಲ. ಇಂಟರ್ನೆಟ್ ತಾನಾಗಿ ಹೊಸ ದುಡಿಮೆ ಹುಟ್ಟಿಸುವುದು ಕಡಿಮೆ. ಊರಲ್ಲಿ ಆಗಲೇ ಇರುವ ದುಡಿಮೆಗೆ ದೂರದ ಗಿರಾಕಿಯನ್ನು ಹತ್ತಿರ ತರುವುದು ಜಾಸ್ತಿ. ಹಾಗಾಗಿ ಮಾರಲು ಏನಾದರೂ ಇರುವ ಊರಿಗೆ ಲಾಭ ಬೇಗ ಕಾಣುತ್ತದೆ. ಬರೀ ಕೊಳ್ಳುವ ಊರಾದರೆ ಅದೇ ಲೈನಿನಲ್ಲಿ ದುಡ್ಡು ಹೊರಗೆ ಹೋಗುತ್ತದೆ.

ನಿಮ್ಮ ಜಿಲ್ಲೆಯ ಬ್ಯಾಡಗಿಯನ್ನೇ ನೋಡಿ. ರೈತ ಮೆಣಸಿನಕಾಯಿ ಚೀಲಗಳನ್ನು ತಂದು ದಲಾಲಿ ಅಂಗಡಿಯ ಮುಂದೆ ಇಳಿಸುತ್ತಾನೆ. ಪ್ರತಿ ರಾಶಿಗೂ ಒಂದು ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ಸಾಲಾಗಿ ಬಂದು ಕಾಯಿ ಮುಟ್ಟಿ, ಬಣ್ಣ, ಸುಕ್ಕು, ಒಣಗಿರುವ ಹದ ನೋಡುತ್ತಾರೆ. ಡಬ್ಬಿ ತಳಿಯೋ ಕಡ್ಡಿ ತಳಿಯೋ ಅಂತ ಅವರಿಗೆ ದೂರದಿಂದಲೇ ಗೊತ್ತಾಗುತ್ತದೆ. ಆಮೇಲೆ ಲಾಟ್ ನಂಬರಿನ ಎದುರು ತಮ್ಮ ಬೆಲೆಯನ್ನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಹಾಕುತ್ತಾರೆ. ಒಬ್ಬರು ಹಾಕಿದ ಬೆಲೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಹೊತ್ತು ಮುಗಿದ ಮೇಲೆ ಯಾವ ಲಾಟ್ ಯಾರಿಗೆ, ಎಷ್ಟಕ್ಕೆ ಅನ್ನುವ ಪಟ್ಟಿ ಬರುತ್ತದೆ. ಇದೇ ಇ-ಟೆಂಡರ್.

ಇದಕ್ಕೆ ಎಷ್ಟು ಸ್ಪೀಡ್ ಬೇಕು? ಒಂದು ಬೆಲೆ ಅಂದರೆ ನಾಲ್ಕೈದು ಅಂಕಿ. ಬಹಳ ಕಡಿಮೆ ಸ್ಪೀಡ್ ಇದ್ದರೂ ಹೋಗುತ್ತದೆ. ಆದರೆ ಎಲ್ಲರೂ ಬೆಲೆ ಹಾಕುವುದು ಕಡೇ ಹೊತ್ತಿಗೆ. ಆ ಹತ್ತು ನಿಮಿಷ ನೆಟ್‌ವರ್ಕ್ ಕೈಕೊಟ್ಟರೆ ಒಬ್ಬ ಖರೀದಿದಾರನ ಬೆಲೆ ದಾಖಲಾಗುವುದೇ ಇಲ್ಲ. ಎಂಟು ಜನ ಪೈಪೋಟಿ ಮಾಡಬೇಕಿದ್ದ ಲಾಟ್‌ಗೆ ಐದೇ ಜನ ಉಳಿದರೆ ನಷ್ಟ ರೈತನಿಗೆ. ಇಲ್ಲಿ ಬೇಕಾದದ್ದು 100 ಎಂಬಿಪಿಎಸ್ ಅಲ್ಲ, ಕಡಿಯದೆ ನಡೆಯುವ ಲೈನ್. ಇಂಟರ್ನೆಟ್ ಅಂದರೆ ಸುಮ್ನೆ ಸ್ಪೀಡಿನ ಮಾತೇ ಆಡುತ್ತೇವಲ್ಲ, ಅದಕ್ಕೆ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆನ್‌ಲೈನ್ ಟೆಂಡರ್‌ನಿಂದ ರೈತನಿಗೆ ಏನಾದರೂ ಸಿಕ್ಕಿತಾ? ಕರ್ನಾಟಕದ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ತರುವ ಕೆಲಸ ಶುರುವಾಗಿದ್ದು 2014ರಲ್ಲಿ. ಅದರ ಮೇಲೆ ನಡೆದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಭತ್ತ, ಶೇಂಗಾ, ಮೆಕ್ಕೆಜೋಳದ ಬೆಲೆ ಸರಾಸರಿ ಶೇ 3.5ರಿಂದ ಶೇ 5ರಷ್ಟು ಏರಿದ್ದನ್ನು ಅದು ಕಂಡಿತು. ಕೇಳಲು ಸಣ್ಣದು. ಆದರೆ ಕೂಲಿ, ಗೊಬ್ಬರ, ಬಾಡಿಗೆ ಎಲ್ಲ ಕಳೆದು ಉಳಿಯುವ ಪುಡಿಗಾಸಿನ ಲೆಕ್ಕದಲ್ಲಿ ಅದು ದೊಡ್ಡದೇ. ಹಾಗಂತ ನೆಟ್ ಇದ್ದರೆ ಬೆಲೆ ಬಿದ್ದುಹೋಗುವುದಿಲ್ಲ ಅಂತಲ್ಲ. 2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ಬೆಲೆ ಕುಸಿದು, ರೈತರ ಸಿಟ್ಟು ಎಪಿಎಂಸಿ ಕಚೇರಿಗೆ ನುಗ್ಗುವ ಮಟ್ಟಕ್ಕೆ ಹೋಗಿದ್ದು ಎಲ್ಲರಿಗೂ ನೆನಪಿದೆ. ಆಗಲೂ ಇ-ಟೆಂಡರ್ ಇತ್ತು. ಮಾಲು ಜಾಸ್ತಿ ಬಂದು ಬೇಡಿಕೆ ಕಡಿಮೆಯಾದಾಗ ಯಾವ ಕೇಬಲ್ ಏನು ಮಾಡೀತು?

ಈಗ ಗದಗಕ್ಕೆ ಬನ್ನಿ. ಗದಗ-ಬೆಟಗೇರಿಯಲ್ಲಿ ಪ್ರಿಂಟಿಂಗ್ ಪ್ರೆಸ್‌ಗಳದ್ದು ಹಳೆಯ ಕಸುಬು. ಇಲ್ಲಿ ಸ್ಪೀಡ್ ನಿಜವಾಗಿ ಲೆಕ್ಕಕ್ಕೆ ಬರುತ್ತದೆ, ಅದೂ ಅಪ್‌ಲೋಡ್ ಸ್ಪೀಡ್. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಸಾಮಾನ್ಯವಾಗಿ ಡೌನ್‌ಲೋಡ್, ಅಂದರೆ ನಮ್ಮ ಕಡೆ ಬರುವ ವೇಗ. ನಾವು ಕಳಿಸುವ ವೇಗ ಎಷ್ಟೋ ಪ್ಲಾನ್‌ಗಳಲ್ಲಿ ಅದಕ್ಕಿಂತ ತೀರಾ ಕಡಿಮೆ ಇರುತ್ತದೆ. ಡಿಸೈನ್ ಮಾಡುವವರು ಬಣ್ಣದ ಕ್ಯಾಲೆಂಡರ್ ಒಂದರ 2 ಜಿಬಿ ಫೈಲ್ ಕಳಿಸಬೇಕು ಅಂದುಕೊಳ್ಳಿ. ಅಪ್‌ಲೋಡ್ 5 ಎಂಬಿಪಿಎಸ್ ಇದ್ದರೆ ಅದಕ್ಕೆ ಹತ್ತಿರ ಹತ್ತಿರ 53 ನಿಮಿಷ ಬೇಕು. 50 ಎಂಬಿಪಿಎಸ್ ಇದ್ದರೆ ಐದೂವರೆ ನಿಮಿಷಕ್ಕೆ ಮುಗಿಯುತ್ತದೆ. ಗಿರಾಕಿ ಫೋನ್ ಮಾಡಿ "ಫೋನ್ ನಂಬರಲ್ಲಿ ಒಂದು ಅಂಕಿ ತಪ್ಪಾಗೈತ್ರಿ" ಅಂದರೆ ಮತ್ತೆ 53 ನಿಮಿಷ. ಕ್ಯಾಲೆಂಡರ್ ಸೀಸನ್ನಿನಲ್ಲಿ ಇದು ಆರ್ಡರ್ ಉಳಿಯುವ, ಹೋಗುವ ಪ್ರಶ್ನೆ. ಇಂಥ ಕೆಲಸ ಕೈತಪ್ಪಿದರೆ ಡಿಸೈನರ್ ಜೊತೆ ಬೈಂಡಿಂಗ್ ಮಾಡುವವರಿಗೂ, ಬಂಡಲ್ ಹೊರುವ ಹಮಾಲರಿಗೂ ಆ ದಿನದ ದುಡಿಮೆ ಹೋದಂತೆ.

ಇನ್ನೊಂದು ಮುಖವೂ ಇದೆ. ಹುಬ್ಬಳ್ಳಿಯ ದಾಜಿಬಾನ ಪೇಟೆಯಲ್ಲೋ ದುರ್ಗದ ಬೈಲಿನಲ್ಲೋ ಕೊಳ್ಳುತ್ತಿದ್ದ ಬಟ್ಟೆ, ಚಪ್ಪಲಿ, ಮೊಬೈಲ್ ಕವರ್ ಈಗ ಪಾರ್ಸೆಲ್‌ನಲ್ಲಿ ಮನೆಗೆ ಬರುತ್ತವೆ. ಆ ದುಡ್ಡಿನಲ್ಲಿ ಊರಿಗೆ ಉಳಿಯುವುದು ಡೆಲಿವರಿ ಹುಡುಗನ ಗಳಿಕೆ ಮಾತ್ರ. ಇದಕ್ಕೆ ಎದುರಾಗಿ, ಬೆಂಗಳೂರಿನ ಕಂಪನಿಯ ಕೆಲಸವನ್ನು ಧಾರವಾಡದ ಮನೆಯಿಂದಲೇ ಮಾಡುವವರ ಸಂಬಳ ಇಲ್ಲಿನ ಕಿರಾಣಿ ಅಂಗಡಿಗೆ, ಖಾನಾವಳಿಗೆ, ಮಕ್ಕಳ ಟ್ಯೂಷನ್ನಿಗೆ ಹೋಗುತ್ತದೆ. ಯಾವುದು ಜಾಸ್ತಿ ಅನ್ನುವುದು ಊರಿನಿಂದ ಊರಿಗೆ ಬೇರೆ. ನಿಮ್ಮ ಪೇಟೆ ಮೊದಲಿದ್ದ ಹಾಗೇ ಕಾಣುತ್ತಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಒಂದು ಕಡೆ ಬಂದದ್ದು ಇನ್ನೊಂದು ಕಡೆ ಹೋಗುತ್ತಿದೆ.

"ಬ್ರಾಡ್‌ಬ್ಯಾಂಡ್ ಇಷ್ಟು ಹೆಚ್ಚಿದರೆ ಜಿಡಿಪಿ ಇಷ್ಟು ಹೆಚ್ಚುತ್ತದೆ" ಅನ್ನುವ ಮಾತು ನೀವು ಕೇಳಿರುತ್ತೀರಿ. ಅದರ ಮೂಲ ಬಹುಮಟ್ಟಿಗೆ ವಿಶ್ವಬ್ಯಾಂಕ್ 2009ರಲ್ಲಿ ಕೊಟ್ಟ ಲೆಕ್ಕ. ನೂರು ಜನರಲ್ಲಿ ಹತ್ತು ಜನಕ್ಕೆ ಹೊಸದಾಗಿ ಬ್ರಾಡ್‌ಬ್ಯಾಂಡ್ ಸಿಕ್ಕರೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳ ಬೆಳವಣಿಗೆ ದರ 1.38 ಶೇಕಡಾ ಅಂಶ ಏರುತ್ತದೆ ಅಂತ ಅದು ಹೇಳಿತ್ತು. ಇದನ್ನು ನಿಮ್ಮೂರಿಗೆ ನೇರವಾಗಿ ಅನ್ವಯಿಸಬೇಡಿ. ಕಂಪನಿಗಳು ಕೇಬಲ್ ಎಳೆಯುವುದೇ ಮೊದಲು ದುಡ್ಡಿರುವ ಕಡೆಗೆ. ಆಗ ಕೇಬಲ್‌ನಿಂದ ದುಡ್ಡು ಬಂತೋ, ದುಡ್ಡಿಗೆ ಕೇಬಲ್ ಬಂತೋ ಹೇಳುವುದು ಕಷ್ಟ. ಆಫ್ರಿಕಾದ ಮೇಲೆ 2019ರಲ್ಲಿ ಬಂದ ಒಂದು ಅಧ್ಯಯನ ಈ ತೊಡಕನ್ನು ಚೆನ್ನಾಗಿ ಬಿಡಿಸುತ್ತದೆ. ಸಮುದ್ರದಡಿಯ ಕೇಬಲ್ ಬಂದಾಗ ವೇಗದ ಇಂಟರ್ನೆಟ್ ಸಿಕ್ಕ ಜಾಗಗಳನ್ನೂ ಸಿಗದ ಜಾಗಗಳನ್ನೂ ಅದು ಹೋಲಿಸಿತು. ಸಿಕ್ಕ ಕಡೆ ಉದ್ಯೋಗ ಹೆಚ್ಚಿತ್ತು, ಕಡಿಮೆ ಓದಿದವರಿಗೂ ಕೂಡ. ಈ ವಿಷಯದಲ್ಲಿ ನಾನು ಹೆಚ್ಚು ನಂಬುವುದು ಇಂಥ ಹೋಲಿಕೆಯನ್ನೇ.

ನಿಮ್ಮೂರಲ್ಲಿ ಏನು ನೋಡಬೇಕು? ಮೊದಲು, ರಾತ್ರಿ ಎಂಟರ ಹೊತ್ತಿಗೆ ಸ್ಪೀಡ್ ಟೆಸ್ಟ್ ಮಾಡಿ. ಒಂದೇ ಲೈನನ್ನು ಹಲವು ಮನೆಗಳಿಗೆ ಹಂಚಿರುತ್ತಾರೆ. ಓಣಿಯವರೆಲ್ಲ ಒಟ್ಟಿಗೆ ನಲ್ಲಿ ತಿರುಗಿಸಿದಾಗ ನೀರು ಸಣ್ಣಗಾಗುವಂತೆ ಆ ಹೊತ್ತಿಗೆ ಸ್ಪೀಡ್ ಇಳಿಯುತ್ತದೆ. ಅಪ್‌ಲೋಡ್ ಅಂಕಿಯನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ. ಡೇಟಾ ಮಿತಿ ಮುಗಿದ ಮೇಲೆ ಎಷ್ಟಕ್ಕೆ ಇಳಿಸುತ್ತಾರೆ ಅಂತ ಕೇಳಿ. ನಮ್ಮ ದೇಶದಲ್ಲಿ 2023ರಿಂದ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಬೇಕಾದ ಕನಿಷ್ಠ ಡೌನ್‌ಲೋಡ್ ವೇಗ ಬರೀ 2 ಎಂಬಿಪಿಎಸ್. ಅದರಲ್ಲಿ ಯುಪಿಐ ಆರಾಮಾಗಿ ನಡೆಯುತ್ತದೆ, ಪ್ರೆಸ್ಸಿನ ಕೆಲಸ ನಡೆಯುವುದಿಲ್ಲ. ಕರೆಂಟ್ ಹೋದಾಗ ಲೈನ್ ಎಷ್ಟು ಹೊತ್ತು ಬಂದ್ ಆಗಿರುತ್ತದೆ, ಚರಂಡಿ ಅಗೆಯುವಾಗ ಕೇಬಲ್ ತುಂಡಾದರೆ ಎಷ್ಟು ದಿನಕ್ಕೆ ಜೋಡಿಸುತ್ತಾರೆ, ಇವನ್ನೂ ಕೇಳಿ.

ಜೊತೆಗೆ ಪಂಚಾಯಿತಿಯನ್ನು ಬಿಡಬೇಡಿ. 2011ರಲ್ಲಿ ಒಪ್ಪಿಗೆ ಸಿಕ್ಕ, ಈಗ ಭಾರತ್‌ನೆಟ್ ಅಂತ ಕರೆಯುವ ಯೋಜನೆಯ ಉದ್ದೇಶವೇ ಪ್ರತಿ ಗ್ರಾಮ ಪಂಚಾಯಿತಿಗೆ ಫೈಬರ್ ಮುಟ್ಟಿಸುವುದು. ನಿಮ್ಮ ಪಂಚಾಯಿತಿ ಕಟ್ಟಡದ ಲೈನ್ ನಡೆಯುತ್ತಿದೆಯಾ, ಅಲ್ಲಿಂದ ಶಾಲೆಗೆ, ಸಹಕಾರ ಸಂಘಕ್ಕೆ, ಹಾಲಿನ ಡೇರಿಗೆ ಸಂಪರ್ಕ ಕೊಟ್ಟಿದ್ದಾರಾ ಅಂತ ಮುಂದಿನ ಗ್ರಾಮಸಭೆಯಲ್ಲಿ ಕೇಳಿ.